ಬುಡದ ಗುರುತು

ಪಕ್ಕದ ಮನೆಯ ಡೆಕ್ಲನ್ ಪೆಟ್ಟಿಗೆ ತಂದು
ನನ್ನ ಅಡುಗೆಮನೆಯ ಮೇಜಿನ ಮೇಲೆ ಸುರಿದ:
ಬೂದು ಪ್ಲಾಸ್ಟಿಕ್ಕಿನ ನಾಲ್ಕು ಚೌಕಟ್ಟು,
ಅದರೊಳಗೆ ಕಾಲು, ಕೊಂಡಿ, ದವಡೆ, ಬೆನ್ನಿನ ಚಿಪ್ಪು,
ಒಂದಕ್ಕೊಂದು ನಂಟಿಲ್ಲದೆ ತೂಗುವ
ಬೀಗದಂಗಡಿಯ ಕೀಲಿಕೈಗಳ ಹಾಗೆ.
"ಗ್ಲೆನಿಸ್, ನೀವು ಪೇಂಟ್ ಮಾಡ್ತಿದ್ರಂತೆ, ಹೌದಾ?"

ಮಾಡ್ತಿದ್ದೆ ಮಗಾ. ಮೂವತ್ತೊಂದು ವರ್ಷ.
ಬರ್ಸ್ಲೆಮ್ಮಿನ ಪಿಂಗಾಣಿ ಕಾರ್ಖಾನೆ, ಮೂರನೇ ಮಹಡಿ,
ಉತ್ತರದ ಕಿಟಕಿ, ಹನ್ನೆರಡು ಹೆಂಗಸರು, ಒಂದು ರೇಡಿಯೋ.
ಒಂದು ಟೀ ಕಪ್ಪಿಗೆ ಮೂರು ಗುಲಾಬಿ, ಐದು ಎಲೆ,
ಡಜನ್ನಿಗಿಷ್ಟು ಅಂತ ಕೂಲಿ.
ಬರೆದೂ ಬರೆದೂ ಕೊನೆಗೆ
ತೋಟದಲ್ಲಿ ಕಂಡ ಗುಲಾಬಿಯೇ
ತಪ್ಪಾಗಿ ಅರಳಿದೆ ಅನ್ನಿಸುತ್ತಿತ್ತು.

ಈಗ ಇದು. ಏಳು ಬಾಯಿ.
ಯಾವುದೋ ಆರಿದ ಸೂರ್ಯನ ಸುತ್ತ
ನೀರಿಲ್ಲದ ಗ್ರಹವೊಂದರಲ್ಲಿ
ಆಕಾಶದ ಹಡಗುಗಳನ್ನು ತಿಂದು ಬದುಕುತ್ತದಂತೆ.
"ಅಷ್ಟು ಕಬ್ಬಿಣ ಅರಗುತ್ತಾ?" ಅಂದೆ.
"ಅರಗುತ್ತೆ," ಅಂದ, ನಗದೆ,
"ಹೊಟ್ಟೆ ಮೂರಿದೆ."

ಇಕ್ಕಳದಲ್ಲಿ ಕತ್ತರಿಸಿ, ಅಚ್ಚಿನ ಗೆರೆ ಕೆರೆದು,
ಅಂಟು ಹಚ್ಚಿ, ಒತ್ತಿ, ನೂರರವರೆಗೆ ಎಣಿಸಿ.
ಸೂಚನೆಯ ಹಾಳೆಯನ್ನು ತಲೆಕೆಳಗಾಗಿ ಹಿಡಿದಿದ್ದೆವು ಇಬ್ಬರೂ;
ನಾಲ್ಕನೇ ಕಾಲು ಐದನೆಯದರ ಜಾಗದಲ್ಲಿ ಕೂತು
ಕುಂಟು ರಕ್ಕಸ ಹುಟ್ಟಿತು.
ಬೆನ್ನಿನ ಎರಡು ಹೋಳಿನ ನಡುವೆ ಉಗುರು ತೂರುವಷ್ಟು ಬಿರುಕು.
ಬಿರುಕು ಬಿಟ್ಟದ್ದು ನಮ್ಮಲ್ಲಿ ಎರಡನೇ ದರ್ಜೆ,
ಸಂತೆಯ ಬುಟ್ಟಿಗೆ ಹೋಗುತ್ತಿತ್ತು, ಅರ್ಧ ಕೂಲಿ ಕಳೆದು.
ಇಲ್ಲಿ ಹಸಿರು ಮೆತ್ತೆ ತುಂಬಿ ಒದ್ದೆ ಬೆರಳಲ್ಲಿ ಸವರಿ
"ಮಾಗಿದ ಗಾಯ," ಅಂದುಬಿಟ್ಟ ಡೆಕ್ಲನ್.
ಎಷ್ಟು ಸುಲಭ.

ಹಿತ್ತಲಲ್ಲಿ ಕಸದ ಡಬ್ಬದ ಮುಚ್ಚಳದ ಮೇಲೆ ನಿಲ್ಲಿಸಿ
ಕರಿ ಬಣ್ಣ ಚಿಮ್ಮಿದೆವು.
ಅದರ ಮೇಲೆ ನೇರಳೆ, ತೆಳ್ಳಗೆ, ಎರಡು ಸಲ.
ಆಮೇಲೆ ನೀರುಶಾಯಿ. ತಾನೇ ಸಂದಿಗೊಂದಿ ಹುಡುಕಿ ಇಳಿಯಿತು,
ಕಾರ್ಖಾನೆ ಮುಚ್ಚುವ ಸುದ್ದಿ ಬೀದಿಬೀದಿಗೆ ಇಳಿದ ಹಾಗೆ.
ಒಣ ಕುಂಚ ಆಡಿಸಿದರೆ ಏಣುಗಳೆಲ್ಲ ಬೆಳ್ಳಗೆ ಎದ್ದು ನಿಂತವು.
ಇದೆಲ್ಲ ಅವನು ಕಲಿಸಿದ್ದು. ಹನ್ನೆರಡು ವರ್ಷದ ಗುರು ನನಗೆ.

ಬಾಯಿಗಳನ್ನು ಮಾತ್ರ ನನಗೇ ಬಿಟ್ಟ.
ಮೊದಲ ಗಂಟಲಿಗೆ ಕೆಂಪು ಅದ್ದಿ ಕುಂಚ ಇಟ್ಟೆ:
ಒತ್ತಿ, ತಿರುಗಿಸಿ, ಎತ್ತಿ.
ಕೈ ನನ್ನನ್ನು ಕೇಳಲಿಲ್ಲ.
ಏಳು ಬಾಯಿಗೂ ಏಳು ಗುಲಾಬಿ,
ಹಲ್ಲಿನ ಬೇಲಿಯ ಹಿಂದೆ, ಹಸಿಹಸಿಯಾಗಿ.
ಬಗ್ಗಿ ನೋಡಿದವನು "ಥೂ, ಅಸಹ್ಯ!" ಅಂದ
ಸಂತೋಷ ತಡೆಯಲಾರದೆ.
ಮೂವತ್ತೊಂದು ವರ್ಷದಲ್ಲಿ ಯಾರೂ ಹಾಗಂದಿರಲಿಲ್ಲ.
ನಾನೂ ಹೇಳಲಿಲ್ಲ, ಆ ನಾಜೂಕು ಕಪ್ಪುಗಳ ಮೈಯಲ್ಲಿ
ಅರ್ಧ ಪಾಲು ಸುಟ್ಟ ದನದ ಮೂಳೆ ಎಂದು.
ಕೊನೆಗೆ ಅಭ್ಯಾಸಬಲ, ಪೀಠದ ಅಡಿಗೆ ನನ್ನ ಗುರುತು ಹಾಕಿದೆ:
ಒಂದು ಚುಕ್ಕಿ, ಪಕ್ಕದಲ್ಲಿ ಕವಲೊಡೆದ ಗೆರೆ.
ಹೆಮ್ಮೆಗಲ್ಲ, ಕೂಲಿ ಎಣಿಸಲು ಇದ್ದದ್ದು ಅದು.

ಶನಿವಾರ. ಮೆಥಡಿಸ್ಟ್ ಹಾಲಿನ ಹಿಂಗೋಣೆ.
ಥರ್ಮೋಕೋಲಿನ ಬೆಟ್ಟ, ಅಳತೆಯ ಟೇಪು, ವಿನೆಗರ್ ವಾಸನೆ.
ಎದುರಾಳಿ ಬಸ್ ಡ್ರೈವರ್ ಝಹೂರ್
ದಾಳಗಳನ್ನು ಕುಲುಕಿ, ಕ್ಷಮೆ ಕೇಳುವವನಂತೆ ನಕ್ಕು, ಎಸೆದ.
ಆರು. ಆರು. ಐದು. ಮತ್ತೆ ಆರು.
ನಾಲ್ಕು ವಾರದ ರಕ್ಕಸ ಎರಡನೇ ಸುತ್ತಿನಲ್ಲಿ ಸತ್ತಿತು,
ಒಂದು ಹಡಗನ್ನೂ ತಿನ್ನದೆ.

ನಾನು ಎದ್ದು ನನ್ನ ಕೋಟು ಹುಡುಕಿದೆ.

ಸತ್ತದ್ದನ್ನು ಮಗ್ಗುಲಿಗೆ ಮಲಗಿಸುವುದು ಅವರ ಪದ್ಧತಿ.
ಮಲಗಿಸಿದ ಝಹೂರ್, ಕೈ ತೆಗೆಯಲಿಲ್ಲ.
"ಈ ಗುರುತು... ನಮ್ಮಮ್ಮನ ಷೋಕೇಸಿನಲ್ಲಿದೆ.
ಆರು ಕಪ್ಪು. ಈದಿಗೂ ಹೊರಗೆ ತೆಗೆಯೋಲ್ಲ.
ಮುಟ್ಟಿದರೆ ಕೈ ಮುರೀತೀನಿ ಅಂತಿದ್ಲು."
ಮುಟ್ಟದೆ ಬುಡ ಹೇಗೆ ನೋಡಿದೆ ಅಂತ
ಕೇಳಬೇಕೆನಿಸಿತು. ಕೇಳಲಿಲ್ಲ.

ಡೆಕ್ಲನ್‌ಗೆ ಇದ್ಯಾವುದೂ ಬೇಡ.
ತೋಳಿಗೆ ಮೂಗು ಒರೆಸಿಕೊಂಡು
"ಮುಂದಿನದಕ್ಕೆ ರೆಕ್ಕೆ ಇದೆ," ಅಂದ, "ಒಂಬತ್ತು ಬಾಯಿ."

"ಹೊಟ್ಟೆ ಎಷ್ಟು?" ಅಂದೆ.